ಬಡವರ ಕೇರಿಯಲ್ಲಿ ಸಮಾಧಾನ: ಮಹಾತ್ಮಾ ಗಾಂಧಿಯವರ ಚರಿತ್ರೆಯಿಂದ

ಮಹಾತ್ಮಾ ಗಾಂಧಿಯವರ ಹೆಸರನ್ನು ಕೇಳದವರು ನಮ್ಮ ಹಳ್ಳಿಗಳಲ್ಲಿ ಯಾರೂ ಇಲ್ಲ. ಅವರ ಚರಕವನ್ನೂ ಉಪ್ಪಿನ ಸತ್ಯಾಗ್ರಹವನ್ನೂ ಸೆರೆಮನೆಯ ವಾಸವನ್ನೂ ಕುರಿತು ಮಕ್ಕಳು ಪಾಠಶಾಲೆಯಲ್ಲಿಯೇ ಓದಿಕೊಳ್ಳುತ್ತಾರೆ. ಆದಕಾರಣ ಅವೆಲ್ಲವನ್ನು ಇಲ್ಲಿ ತಿರಿಗಿ ಬರೆಯುವುದಿಲ್ಲ. ಪಟ್ಟಣಗಳ ಬಡಕೇರಿಗಳಲ್ಲಿ ನೆರೆಯವನ ಮೇಲೆ ನೆರೆಯವನು ಕತ್ತಿಯೆತ್ತಿದ ಕಾಲದಲ್ಲಿ ಅವರು ಎಲ್ಲಿಗೆ ಹೋಗಿ ನಿಂತರು, ಯಾರ ಸಂಗಡ ಮಾತಾಡಿದರು ಎಂಬದನ್ನು ಮಾತ್ರ ವಾಚಕರ ಮುಂದೆ ಇಡುತ್ತೇವೆ. ಪಿಲ್ಲಗುಂಪೆಯಂಥ ಊರಿನವರಿಗೆ ಇದು ದೂರದ ಸಂಗತಿಯೆಂದು ತೋರಬಹುದು. ಆದರೆ ಆ ಪಿಲ್ಲಗುಂಪೆಯೇ ಈಗ ಕೈಗಾರಿಕಾ ಪ್ರದೇಶವಾಗಿ ಹೋಗಿದೆ. ರಾಗಿ ಬೆಳೆಯುತ್ತಿದ್ದ ಹೊಲಗಳ ನಡುವೆ ಕಾರ್ಖಾನೆಗಳು ಎದ್ದಿವೆ. ಬೇರೆ ಸೀಮೆಯವರೂ ಬೇರೆ ಭಾಷೆಯವರೂ ಬೇರೆ ಮತದವರೂ ಕೂಲಿಗಾಗಿ ಕೂಡುವ ಕಡೆಯಲ್ಲಿ ಒಂದೇ ನಲ್ಲಿಯ ನೀರಿಗೆ ಎಲ್ಲರೂ ಬಿಂದಿಗೆ ಹಿಡಿಯಬೇಕಾಗುತ್ತದೆ. ಹೀಗಿರಲಾಗಿ ಪಟ್ಟಣದ ಕೇರಿಯ ಜಗಳವು ಹೇಗೆ ಹುಟ್ಟುತ್ತದೆ, ಹೇಗೆ ಆರುತ್ತದೆ ಎಂದು ತಿಳಿದುಕೊಳ್ಳುವುದು ನಮಗೂ ಬೇಕಾದದ್ದೇ.

ಗಾಂಧಿಯವರು 1869ನೆಯ ಇಸವಿ ಅಕ್ಟೋಬರ್ 2ನೆಯ ತಾರೀಖಿನಲ್ಲಿ ಕಾಠಿಯಾವಾಡದ ಪೋರಬಂದರಿನಲ್ಲಿ ಹುಟ್ಟಿದರು. ಲಂಡನಿಗೆ ಹೋಗಿ ಬ್ಯಾರಿಸ್ಟರ್ ಪರೀಕ್ಷೆಯನ್ನು ಮುಗಿಸಿಕೊಂಡು ಬಂದರು. 1893ರಲ್ಲಿ ಒಬ್ಬ ವರ್ತಕನ ವ್ಯಾಜ್ಯದ ನಿಮಿತ್ತ ದಕ್ಷಿಣ ಆಫ್ರಿಕಾಕ್ಕೆ ಹೊರಟರು. ಆ ವ್ಯಾಜ್ಯದ ಎರಡು ಪಕ್ಷದವರೂ ಒಂದೇ ಊರಿನ ನಂಟರಾಗಿದ್ದರು. ತರುಣರಾದ ಈ ವಕೀಲರು ಇಬ್ಬರನ್ನೂ ಪಂಚಾಯಿತಿಗೆ ಒಪ್ಪಿಸಿದರು. ತೀರ್ಪು ತಮ್ಮ ಕಕ್ಷಿಯ ಕಡೆಗೆ ಆದ ಮೇಲೆ, ಸೋತವನು ದಿವಾಳಿಯಾಗದ ಹಾಗೆ ಹಣವನ್ನು ಕಂತುಗಳಲ್ಲಿ ತೆಗೆದುಕೊಳ್ಳುವಂತೆ ಗೆದ್ದವನನ್ನು ಒಡಂಬಡಿಸಿದರು. ಇಬ್ಬರನ್ನೂ ಪಂಚಾಯಿತಿಗೆ ಒಪ್ಪಿಸುವುದಕ್ಕಿಂತ ಗೆದ್ದವನನ್ನು ಹೀಗೆ ತಗ್ಗಿಸುವುದೇ ಅವರಿಗೆ ಹೆಚ್ಚು ಕಷ್ಟವಾಯಿತಂತೆ. ಕೋರ್ಟಿನ ಮೆಟ್ಟಿಲನ್ನು ಹತ್ತಿದ ನಮ್ಮ ರೈತರಿಗೆ ಇದರ ಅರ್ಥವು ಬೇಗ ಆಗುವದು.

1904ರಲ್ಲಿ ಜೋಹಾನ್ಸ್‌ಬರ್ಗ್ ಪಟ್ಟಣದಲ್ಲಿ ಹಿಂದೂಸ್ಥಾನದ ಕೂಲಿಯವರನ್ನು ಕೂಡಿಹಾಕಿದ್ದ ಕೇರಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಗಾಂಧಿಯವರು ತಮ್ಮ ಕಛೇರಿಯ ಗುಮಾಸ್ತರನ್ನು ಕರೆದುಕೊಂಡು ಹೋಗಿ, ಒಂದು ಬರಿದಾದ ಮನೆಯ ಬೀಗವನ್ನು ತೆಗೆಯಿಸಿ, 23 ಮಂದಿ ರೋಗಿಗಳನ್ನು ಅಲ್ಲಿ ಮಲಗಿಸಿ ಉಪಚರಿಸಿದರು. ಬದುಕಿ ಉಳಿದವರು ಇಬ್ಬರೇ. ಬಳಿಕ ಪುರಸಭೆಯವರು ಕೇರಿಯನ್ನು ಬರಿದು ಮಾಡಿಸಿ ಸುಟ್ಟುಬಿಟ್ಟರು. ಅದಕ್ಕೆ ಮುಂಚೆ ಕೇರಿಯವರು ನೆಲದಲ್ಲಿ ಹೂತಿಟ್ಟಿದ್ದ ಹಣವನ್ನು ಅಗೆದು ತಂದು ಗಾಂಧಿಯವರ ಕೈಯಲ್ಲಿ ಕೊಟ್ಟರು. ಅವರು ಅದನ್ನು ಬ್ಯಾಂಕಿನಲ್ಲಿ ಇಡಿಸಿದರು. ಬಡವನು ತನ್ನ ಹೂತಿಟ್ಟ ಹಣವನ್ನು ಯಾರಿಗೂ ತೋರಿಸುವುದಿಲ್ಲವೆಂಬದು ಎಲ್ಲರಿಗೂ ತಿಳಿದ ವಿಷಯ.

ನಾಲ್ಕು ವರುಷಗಳ ಮೇಲೆ, 1908ರ ಫೆಬ್ರವರಿಯಲ್ಲಿ, ಸರಕಾರದ ಸಂಗಡ ಅವರು ಮಾಡಿಕೊಂಡ ಒಪ್ಪಂದವನ್ನು ದ್ರೋಹವೆಂದು ಎಣಿಸಿದ ಮೀರ್ ಆಲಂ ಎಂಬ ಪಠಾಣನು ಅದೇ ಪಟ್ಟಣದ ಬೀದಿಯಲ್ಲಿ ಅವರನ್ನು ದೊಣ್ಣೆಯಿಂದ ಹೊಡೆದು ಕೆಡವಿದನು. ರಕ್ತ ಸುರಿಯುತ್ತಿದ್ದ ಅವರನ್ನು ಬ್ಯಾಪ್ಟಿಸ್ಟ್ ಸಭೆಯ ಬೋಧಕರಾದ ಜೋಸೆಫ್ ಡೋಕ್ ಎಂಬವರು ತಮ್ಮ ಮನೆಗೆ ಸಾಗಿಸಿಕೊಂಡು ಹೋಗಿ, ಹೆಂಡತಿ ಮಕ್ಕಳೊಂದಿಗೆ ಹಗಲಿರುಳು ಸೇವೆ ಮಾಡಿದರು. ಗಾಂಧಿಯವರ ಜೀವನ ಚರಿತ್ರೆಯನ್ನು ಮೊಟ್ಟಮೊದಲು ಬರೆದು 1909ರಲ್ಲಿ ಅಚ್ಚು ಹಾಕಿಸಿದವರು ಈ ಬೋಧಕರೇ. ಹೊಡೆದವನ ಮೇಲೆ ಮೊಕದ್ದಮೆ ಬೇಡವೆಂದು ಗಾಂಧಿಯವರು ಹಾಸಿಗೆಯಿಂದಲೇ ಹೇಳಿ ಕಳುಹಿಸಿದರು. ಮೀರ್ ಆಲಮನು ಮುಂದೆ ಅವರ ಪಕ್ಷಕ್ಕೇ ಬಂದನು.

1915ರಲ್ಲಿ ಅವರು ಸ್ವದೇಶಕ್ಕೆ ಹಿಂದಿರುಗಿ ಅಹಮದಾಬಾದಿನಲ್ಲಿ ನೆಲಸಿದರು. ಅದು ಬಟ್ಟೆಯ ಗಿರಣಿಗಳ ಪಟ್ಟಣ. 1918ರಲ್ಲಿ ಗಿರಣಿಯ ಯಜಮಾನರು ಪ್ಲೇಗಿನ ಕಾಲದಲ್ಲಿ ಕೊಡುತ್ತಿದ್ದ ಹೆಚ್ಚಿನ ಕೂಲಿಯನ್ನು ನಿಲ್ಲಿಸಲು, ಕೆಲಸಗಾರರು ಎದ್ದು ನಿಂತರು. ಇಲ್ಲಿ ಒಂದು ವಿಚಿತ್ರವುಂಟು: ಯಜಮಾನರಲ್ಲಿ ಮುಖ್ಯರಾದವರು ಅಂಬಾಲಾಲ್ ಸಾರಾಭಾಯಿ, ಕೆಲಸಗಾರರ ಕಡೆಯಲ್ಲಿ ಮುಂದೆ ನಿಂತವರು ಅವರ ಒಡಹುಟ್ಟಿದ ಅಕ್ಕ ಅನಸೂಯಾ ಬೆಹನ್. ಗಾಂಧಿಯವರು ಲೆಕ್ಕಪತ್ರಗಳನ್ನು ನೋಡಿ ನೂರಕ್ಕೆ 35ರಷ್ಟು ಹೆಚ್ಚಿಗೆ ಕೇಳುವುದು ನ್ಯಾಯವೆಂದು ಗೊತ್ತು ಮಾಡಿದರು. ಯಜಮಾನರು 20ಕ್ಕೆ ಮೇಲೆ ಒಪ್ಪಲಿಲ್ಲ. ದಿನಾಲೂ ಸಾಬರಮತೀ ನದಿಯ ದಡದಲ್ಲಿ ಒಂದು ಜಾಲಿಯ ಮರದ ಕೆಳಗೆ ಕೂಟ ನಡೆಯುತ್ತಿತ್ತು. ಹಗಲೆಲ್ಲಾ ಕೇರಿಗಳ ಮನೆಮನೆಗೆ ಹೋಗಿ ರೋಗಿಗಳನ್ನು ವಿಚಾರಿಸುವುದೂ ಬುದ್ಧಿ ಹೇಳುವುದೂ ನಡೆಯಿತು. ಕೆಲಸಕ್ಕೆ ಹೋಗುವವನನ್ನು ಹೊಡೆಯಬಾರದೆಂಬದು ಅವರ ಮೊದಲನೆಯ ಷರತ್ತು. ವಾರಗಳು ಕಳೆದು ಹಸಿವು ಹೆಚ್ಚಲು ಕೆಲಸಗಾರರು ಗೊಣಗಿದರು: ಗಾಂಧಿಗೇನು, ಮೋಟಾರಿನಲ್ಲಿ ಬರುತ್ತಾರೆ, ಮನೆಗೆ ಹೋಗಿ ಊಟ ಮಾಡುತ್ತಾರೆ ಎಂದು. ಆ ಮಾತು ಕಿವಿಗೆ ಬಿದ್ದದ್ದೇ, ತೀರ್ಮಾನವಾಗುವ ತನಕ ತಾವೂ ಅನ್ನ ಮುಟ್ಟುವುದಿಲ್ಲವೆಂದರು. ಮೂರು ದಿವಸಗಳಲ್ಲಿ ಎರಡು ಕಡೆಯವರೂ ಪಂಚಾಯಿತಿಗೆ ಒಪ್ಪಿದರು. ಕಡೆಗೆ 35ರ ತೀರ್ಪೇ ಬಂದಿತು. ಆದರೆ ಯಜಮಾನರು ತಮ್ಮ ಮೇಲಿನ ಪ್ರೀತಿಗೆ ಕಟ್ಟುಬಿದ್ದು ಒಪ್ಪಿದರೆಂಬ ಕಾರಣದಿಂದ ಆ ಉಪವಾಸದಲ್ಲಿ ದೋಷವಿತ್ತೆಂದು ಅವರೇ ಬರೆದಿದ್ದಾರೆ. ಉಪವಾಸವು ಬಲಾತ್ಕಾರವಾಗಬಹುದೆಂಬ ಭಯ ಅವರಿಗೆ ಕಡೆಯ ತನಕ ಇತ್ತು. ಅವರನ್ನು ಟೀಕಿಸುವವರು ಈ ಸಂಗತಿಯನ್ನು ಮರೆಯಬಾರದು. ಅವರನ್ನು ಹೊಗಳುವವರು ಇನ್ನೂ ಮರೆಯಬಾರದು.

ನಮ್ಮ ಕ್ರೈಸ್ತ ವಾಚಕರಿಗೆ ಸಂಬಂಧಪಟ್ಟದ್ದು 1921ರ ನವೆಂಬರಿನ ಬೊಂಬಾಯಿಯ ಗಲಭೆ. ಇಂಗ್ಲೆಂಡಿನ ಯುವರಾಜನು ಬಂದಿಳಿದ ದಿನ, ಸ್ವಾಗತಕ್ಕೆ ಹೋದ ಪಾರ್ಸಿಗಳನ್ನೂ ಕ್ರೈಸ್ತರನ್ನೂ ಯೂರೇಷಿಯನರನ್ನೂ ಹಿಂದೂ ಮುಸಲ್ಮಾನರ ಗುಂಪುಗಳು ಹೊಡೆದವು. ಹೊಡೆದವರು ಗಾಂಧಿಯವರಿಗೆ ಜಯವೆಂದು ಕೂಗುತ್ತಿದ್ದರು. ತಮ್ಮ ಹೆಸರು ಹೇಳಿ ಮಾಡಿದ ಈ ಪಾಪವು ತಮ್ಮದೇ ಎಂದು ಅವರು ಎಣಿಸಿದರು. ಸಂಖ್ಯೆಯಲ್ಲಿ ಕೊಂಚವಾಗಿರುವವರು ಕ್ಷಮಿಸುವ ತನಕ ಊಟ ಮಾಡದೆ, ಎಲ್ಲಾ ಪಂಗಡದ ಮುಖಂಡರನ್ನು ಕೂಡಿಸಿ ಸಮಾಧಾನ ಮಾಡಿಸಿದರು. 1924ರ ಸೆಪ್ಟೆಂಬರಿನಲ್ಲಿ ಹಿಂದೂ ಮುಸಲ್ಮಾನರ ಐಕಮತ್ಯಕ್ಕಾಗಿ ದೆಹಲಿಯಲ್ಲಿ 21 ದಿವಸ ಉಪವಾಸ ಮಾಡಿದಾಗ ಅವರು ಮೊದಲು ಇಳಿದುಕೊಂಡದ್ದು ಮೌಲಾನಾ ಮಹಮ್ಮದ್ ಅಲಿಯವರ ಮನೆಯಲ್ಲಿ. ಹಾಸಿಗೆಯ ಬಳಿಯಲ್ಲಿದ್ದು ಶುಶ್ರೂಷೆ ಮಾಡಿದವರಲ್ಲಿ ಪಾದ್ರಿ ಸಿ. ಎಫ್. ಆಂಡ್ರೂಸರು ಒಬ್ಬರು. ಆ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯಲ್ಲಿ ಕೂಡಿದ ಕಾಂಗ್ರೆಸ್ಸಿಗೆ ಅವರು ಅಧ್ಯಕ್ಷರಾದರು; ಅವರು ಅಧ್ಯಕ್ಷರಾದದ್ದು ಅದೊಂದೇ ಸಲ. ಮತಾಂತರದ ವಿಷಯದಲ್ಲಿ ಅವರಿಗೂ ಮಿಷನರಿಗಳಿಗೂ ಅಭಿಪ್ರಾಯಭೇದವಿದ್ದದ್ದು ನಿಜ, ಅದನ್ನು ಮುಚ್ಚಿಡಬೇಕಾದದ್ದಿಲ್ಲ. ಆ ಭೇದವು ಸ್ನೇಹವನ್ನು ಕೆಡಿಸಲಿಲ್ಲವೆಂಬದೂ ಅಷ್ಟೇ ನಿಜ.

1927ರಲ್ಲಿ ದೇಹಾಲಸ್ಯದಿಂದ ಅವರು ನಮ್ಮ ಸೀಮೆಯ ಉತ್ತರಕ್ಕಿರುವ ನಂದಿ ಬೆಟ್ಟದಲ್ಲಿ ಆರು ವಾರಗಳೂ, ತರುವಾಯ ಬೆಂಗಳೂರಿನ ಕುಮಾರ ಪಾರ್ಕಿನಲ್ಲಿ ಕೆಲವು ವಾರಗಳೂ ವಿಶ್ರಾಂತಿ ಪಡೆದರು. ಮರುವರುಷವೇ, 1928ರಲ್ಲಿ, ಬೆಂಗಳೂರಿನ ಸುಲ್ತಾನ್ ಪೇಟೆಯ ಶಾಲೆಯ ಗಣಪತಿ ವಿಗ್ರಹದ ವಿಷಯವಾಗಿ ಪಟ್ಟಣದಲ್ಲಿ ಗಲಭೆಯೆದ್ದು, ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ಕೂಡಬೇಕಾಯಿತು. ಇಂಥದು ಉತ್ತರ ದೇಶದವರಲ್ಲಿ ಮಾತ್ರ ನಡೆಯುತ್ತದೆಂದು ನಾವು ಹೇಳಿಕೊಳ್ಳುವಂತಿಲ್ಲ.

ಈಗ ಕಲ್ಕತ್ತೆಯ ಸಂಗತಿಗೆ ಬರೋಣ.

1946ನೆಯ ಇಸವಿ ಆಗಸ್ಟ್ 16ನೆಯ ತಾರೀಖು ಮುಸ್ಲಿಂ ಲೀಗು ಪಾಕಿಸ್ತಾನಕ್ಕಾಗಿ ಹರತಾಳಕ್ಕೆ ಗೊತ್ತು ಮಾಡಿದ ದಿವಸ. ಅಂದು ಕಲ್ಕತ್ತೆಯಲ್ಲಿ ಹತ್ತಿದ ದೊಂಬಿಯಲ್ಲಿ ಕೆಲವೇ ದಿವಸಗಳೊಳಗೆ 4,000 ಜನರು, ಇನ್ನೂ ಹೆಚ್ಚೆಂದು ಹೇಳುವವರೂ ಉಂಟು, ಸತ್ತರು. ಸತ್ತವರಲ್ಲಿ ಹೆಚ್ಚಿನವರು ಬಸ್ತಿಗಳೆಂಬ ಗುಡಿಸಲ ಕೇರಿಗಳ ಬಡವರು. ಆಗ ಬಂಗಾಳದ ಮುಖ್ಯಮಂತ್ರಿಯಾಗಿದ್ದವರು ಶಹೀದ್ ಸುಹ್ರವರ್ದಿಯವರು. ಹಿಂದುಗಳು ಆ ರಕ್ತವನ್ನು ಅವರ ತಲೆಯ ಮೇಲೆ ಹೊರಿಸಿದರು. ಅಕ್ಟೋಬರಿನಲ್ಲಿ ನೊವಾಖಾಲಿಯಲ್ಲಿ ಹಿಂದುಗಳಿಗೂ, ಬಳಿಕ ಬಿಹಾರದಲ್ಲಿ ಮುಸಲ್ಮಾನರಿಗೂ ಅದರ ಪ್ರತೀಕಾರವು ತಗಲಿತು. ಗಾಂಧಿಯವರು ನೊವಾಖಾಲಿಯ ಹಳ್ಳಿಗಳಲ್ಲಿ ಬರಿಗಾಲಿನಲ್ಲಿ ನಡೆದರು, ಬಿಹಾರಕ್ಕೂ ಹೋದರು.

ದೇಶವು ಎರಡಾಗಿ ಸ್ವಾತಂತ್ರ್ಯ ಬರುವ ದಿನ ಹತ್ತಿರವಾದಾಗ, 1947ರ ಆಗಸ್ಟ್ 9ರಂದು, ಅವರು ನೊವಾಖಾಲಿಗೆ ತಿರಿಗಿ ಹೋಗುವ ದಾರಿಯಲ್ಲಿ ಕಲ್ಕತ್ತೆಗೆ ಬಂದರು. ಅಧಿಕಾರವು ಕೈತಪ್ಪಿ ಹೋಗುತ್ತಿದ್ದದರಿಂದ ಅಲ್ಲಿಯ ಮುಸಲ್ಮಾನರು ಹೆದರಿದ್ದರು. ಅವರ ಮುಖಂಡರು ಬಂದು, ಎರಡು ದಿವಸವಾದರೂ ಇಲ್ಲಿ ನಿಲ್ಲಬೇಕೆಂದು ಬೇಡಿಕೊಂಡರು. ನೊವಾಖಾಲಿಯ ಹಿಂದುಗಳಿಗೆ ಕೇಡಾಗದಂತೆ ನೀವು ಹೊಣೆಯಾದರೆ ನಿಲ್ಲುವೆನೆಂದು ಗಾಂಧಿಯವರು ಉತ್ತರ ಕೊಟ್ಟರು. ಸುಹ್ರವರ್ದಿಯವರೂ ಬಂದು ಕೇಳಿಕೊಂಡರು. ಆಗ ಗಾಂಧಿಯವರು ಅವರ ಮುಂದೆ ಯಾರೂ ನೆನೆಸದ ಒಂದು ಮಾತನ್ನಿಟ್ಟರು: ಗಲಭೆಯ ಕೇರಿಯಲ್ಲಿಯೇ ಒಂದು ಮನೆಯಲ್ಲಿ, ಪೊಲೀಸರಾಗಲಿ ಸಿಪಾಯಿಗಳಾಗಲಿ ಕಾವಲಿಲ್ಲದೆ, ನಾವಿಬ್ಬರೂ ಒಂದೇ ಸೂರಿನ ಕೆಳಗೆ ಇರತಕ್ಕದ್ದು, ಮನೆಗೆ ಹೋಗಿ ನಿಮ್ಮ ವೃದ್ಧ ತಂದೆಯವರನ್ನೂ ಮಗಳನ್ನೂ ಕೇಳಿಕೊಂಡು ಬಂದು ಉತ್ತರ ಕೊಡಿರಿ ಎಂದು. ಮರುದಿವಸ ಅವರು ಒಪ್ಪಿದರು.

ಸುಹ್ರವರ್ದಿಯವರು ಒಳ್ಳೆಯ ಹೆಸರಿದ್ದವರಲ್ಲ. ಅವರನ್ನು ನಂಬಬೇಡಿರೆಂದು ಗಾಂಧಿಯವರ ಸ್ನೇಹಿತರೇ ಹೇಳಿದ್ದರು. ಆದರೆ ಒಳ್ಳೆಯ ಹೆಸರಿನವರ ಸಂಗಡ ಮಾತ್ರ ಮಾತಾಡಿ ಜಗಳವನ್ನು ಮುಗಿಸಿದವರು ಯಾರಿದ್ದಾರೆ? ಜಗಳದಲ್ಲಿ ಯಾರಿಗೆ ಪಾಲಿದೆಯೋ ಅವರೇ ಕೂರಬೇಕು.

ಆಗಸ್ಟ್ 13ರ ಮಧ್ಯಾಹ್ನ ಅವರು ಹೋಗಿ ಇಳಿದ ಮನೆಗೆ ಹೈದರಿ ಮಂಜಿಲ್ ಎಂದು ಹೆಸರು. ಅದು ಪಟ್ಟಣದ ಪೂರ್ವಭಾಗದ ಬೇಲಿಯಾಘಾಟದಲ್ಲಿ, ಒಬ್ಬ ಮುಸಲ್ಮಾನರಿಗೆ ಸೇರಿದ, ಪಾಳುಬಿದ್ದ ಮನೆ. ಬಾಗಿಲು ಕಿಟಕಿಗಳು ಮುರಿದಿದ್ದವು. ಬಂದು ಹೋಗುವ ನೂರಾರು ಜನರಿಗೆಲ್ಲಾ ಒಂದೇ ಪಾಯಖಾನೆ. ನೆಲಕ್ಕೆಲ್ಲಾ ಬ್ಲೀಚಿಂಗ್ ಪುಡಿಯನ್ನು ಎರಚಿದ್ದರು. ಹತ್ತಿರದ ಮಿಯಾಬಾಗಾನ್ ಎಂಬ ಬಸ್ತಿಯಿಂದ ಬಡ ಮುಸಲ್ಮಾನರು ಓಡಿಸಲ್ಪಟ್ಟಿದ್ದರು. ಗಾಂಧಿಯವರಿಗೆ ಆಗ 77 ವರುಷ.

ಅವರ ಬಂಡಿ ಬಾಗಿಲಿಗೆ ಬರುವಷ್ಟರಲ್ಲಿ ಹಿಂದೂ ತರುಣರ ಗುಂಪು ಹಿಂದಿರುಗಿ ಹೋಗಿರೆಂದು ಕೂಗಿತು. ಕಿಟಕಿಗಳ ಮೇಲೆ ಕಲ್ಲುಗಳು ಬಿದ್ದು ಗಾಜುಗಳು ಒಡೆದವು. ಇಂಗ್ಲೆಂಡಿನ ಕ್ವೇಕರ್ ಸಭೆಯ ಹೊರೇಸ್ ಅಲೆಗ್ಜಾಂಡರರು ಆಗ ಮನೆಯೊಳಗೇ ಇದ್ದರು. ಗಾಂಧಿಯವರು ಗುಂಪನ್ನು ಚದರಿಸುವುದಕ್ಕೆ ಯಾರನ್ನೂ ಕರೆಯದೆ, ಅವರಲ್ಲಿ ಕೆಲವರನ್ನು ಒಳಗೆ ಬರಹೇಳಿದರು. ತರುಣರು ಮುಖಕ್ಕೆ ಮುಖ ಕೊಟ್ಟು ಕೇಳಿದರು: ಕಳೆದ ವರುಷ ನಮ್ಮವರು ಸಾಯುವಾಗ ಬಾರದವರು ಈಗ ಅವರ ಪಕ್ಷ ಹಿಡಿಯುವುದಕ್ಕೆ ಬಂದಿರೋ ಎಂದು. ಅವರು ಸಿಟ್ಟಾಗಲಿಲ್ಲ. ತಾವು ಎರಡು ಕಡೆಯವರ ಸೇವೆಗಾಗಿಯೇ ಬಂದವರೆಂದೂ, ಬೇಕಾದರೆ ತಮ್ಮನ್ನು ಕೊಲ್ಲಬಹುದೆಂದೂ, ಹೆದರಿ ಮಾತ್ರ ಹೋಗುವುದಿಲ್ಲವೆಂದೂ, ಓಡಿಹೋದ ನೆರೆಯವರನ್ನು ತಿರಿಗಿ ಅವರ ಗುಡಿಸಲುಗಳಿಗೆ ಕರೆತರುವುದು ತರುಣರಿಂದಲೇ ಆಗಬೇಕೆಂದೂ ಹೇಳಿದರು. ಮರುದಿವಸ ಅವರೇ ತಿರಿಗಿ ಬಂದರು. ಎರಡನೆಯ ಮಾತುಕತೆ ಮುಗಿಯುವಾಗ ಮನೆಯನ್ನು ಕಾಯುವ ಕೆಲಸಕ್ಕೆ ಅವರೇ ನಿಂತರು.

14ರ ಸಂಜೆ ದೊಡ್ಡ ಗುಂಪು ಕೂಡಿ ಸುಹ್ರವರ್ದಿಯವರನ್ನು ಹೊರಗೆ ಕರೆಯಿತು. ಗಾಂಧಿಯವರು ಕಿಟಕಿಯನ್ನು ತೆರೆದು, ಅವರ ಭುಜದ ಮೇಲೆ ಕೈಯಿಟ್ಟು ನಿಂತರು. ಹಿಂದಿನ ವರುಷದ ಕೊಲೆಗೆ ನೀವು ಹೊಣೆಯಲ್ಲವೇ ಎಂಬ ಪ್ರಶ್ನೆ ಬಂದಿತು. ಸುಹ್ರವರ್ದಿಯವರು ಮೊದಲು ಎಲ್ಲರೂ ಹೊಣೆ ಎಂದು ಜಾರಿಕೊಳ್ಳನೋಡಿದರು. ತಿರಿಗಿ ಕೇಳಲು, ಹೌದು, ಹೊಣೆ ನನ್ನದು ಎಂದು ಒಪ್ಪಿಕೊಂಡರು. ಅಷ್ಟು ದಿವಸದಿಂದ ಆ ಒಂದು ಮಾತಿಗಾಗಿ ಕಾದಿದ್ದರೋ ಏನೋ, ಗುಂಪು ತಣ್ಣಗಾಯಿತು. ಅದೇ ರಾತ್ರಿ ಹಿಂದುಗಳೂ ಮುಸಲ್ಮಾನರೂ ಒಂದೇ ಲಾರಿಗಳಲ್ಲಿ ಹತ್ತಿ ಸ್ವಾತಂತ್ರ್ಯದ ಜಯಘೋಷ ಮಾಡುತ್ತಾ ಬೀದಿಗಳಲ್ಲಿ ತಿರುಗಿದರು. ಒಂದು ವರುಷದಿಂದ ಪರಸ್ಪರ ಕಾಲಿಡದ ಕೇರಿಗಳಲ್ಲಿ ಅವರು ಅತ್ತರು ಚಿಮುಕಿಸಿಕೊಂಡರು. ದೇಶವೆಲ್ಲಾ ಹಬ್ಬವಾಗಿದ್ದ 15ನೆಯ ತಾರೀಖನ್ನು ಗಾಂಧಿಯವರು ಉಪವಾಸದಲ್ಲಿಯೂ ಪ್ರಾರ್ಥನೆಯಲ್ಲಿಯೂ ನೂಲುವುದರಲ್ಲಿಯೂ ಕಳೆದರು. 18ರಂದು ರಂಜಾನ್ ಹಬ್ಬ. ಹಿಂದುಗಳು ಮುಸಲ್ಮಾನ ನೆರೆಯವರಿಗೆ ಶುಭ ಕೋರಿದರು. ಪಂಜಾಬಿನಲ್ಲಿ 55,000 ಸಿಪಾಯಿಗಳಿಂದ ಆಗದ ಕೆಲಸವು ಬಂಗಾಳದಲ್ಲಿ ಒಬ್ಬ ಮನುಷ್ಯನಿಂದ ಆಯಿತೆಂದು ಗವರ್ನರ್ ಜನರಲ್ ಮೌಂಟ್‌ಬ್ಯಾಟನ್ನರು ಕಾಗದ ಬರೆದರು. ಈ ಹೊಗಳಿಕೆಯನ್ನು ಎಲ್ಲಾ ಪುಸ್ತಕಗಳಲ್ಲಿಯೂ ಕಾಣುತ್ತೇವೆ. ಐದೇ ದಿವಸಗಳಲ್ಲಿ ಏನಾಯಿತೆಂಬದು ಅಷ್ಟು ಕಾಣುವುದಿಲ್ಲ.

ಆಗಸ್ಟ್ 31ರ ರಾತ್ರಿ, ಗಾಂಧಿಯವರು ಮಲಗಿದ್ದ ವೇಳೆಯಲ್ಲಿ, ಒಂದು ಗುಂಪು ಗಾಯಕ್ಕೆ ಬಟ್ಟೆ ಸುತ್ತಿದ್ದ ಒಬ್ಬನನ್ನು ಹೊತ್ತು ತಂದು, ಮುಸಲ್ಮಾನನು ಇವನನ್ನು ತಿವಿದನೆಂದು ಕೂಗಾಡುತ್ತಾ ಮನೆಯೊಳಗೆ ನುಗ್ಗಿತು. ಗಾಜುಗಳು ಮತ್ತೆ ಒಡೆದವು. ಗಾಂಧಿಯವರು ಎದ್ದು ಬಂದು ಕೈಜೋಡಿಸಿ ನಿಂತರೂ ಕೇಳುವವರಿಲ್ಲ. ಬೀಸಿದ ದೊಣ್ಣೆಯೊಂದು ಅವರಿಗೆ ಸ್ವಲ್ಪದರಲ್ಲಿ ತಪ್ಪಿತು. ಇಟ್ಟಿಗೆಯೊಂದು ಪಕ್ಕದಲ್ಲಿದ್ದ ಮುಸಲ್ಮಾನನಿಗೆ ತಗಲಿತು. ಮರುದಿವಸ ಪಟ್ಟಣದ ಅನೇಕ ಕಡೆಗಳಲ್ಲಿ ದೊಂಬಿ. ಮನೆಯ ಹತ್ತಿರದ ಬಸ್ತಿಗೆ ನಂಬಿಕೆಯಿಂದ ಮರಳಿ ಬಂದಿದ್ದ ಬಡ ಮುಸಲ್ಮಾನರು ಮತ್ತೆ ಲಾರಿ ಹತ್ತಿ ಓಡುತ್ತಿದ್ದಾಗ ಅವರ ಮೇಲೆ ಕೈಬಾಂಬುಗಳನ್ನು ಎಸೆದರು. ಇಬ್ಬರು ಕೂಲಿಯವರು ಸತ್ತರು. ಗಾಂಧಿಯವರು ಹೋಗಿ ನೋಡಿದರು. ಹೆಣಗಳಿಗೆ ನೊಣ ಮುತ್ತಿತ್ತು. ಒಬ್ಬನ ಬಟ್ಟೆಯಿಂದ ಒಂದು ನಾಲ್ಕಾಣೆಯ ನಾಣ್ಯವು ಉರುಳಿ ಪಕ್ಕದಲ್ಲಿ ಬಿದ್ದಿತ್ತು.

ಆ ರಾತ್ರಿ 8-15ಕ್ಕೆ ಅವರು ಉಪವಾಸವನ್ನು ಹಿಡಿದರು. ಕಲ್ಕತ್ತೆಗೆ ಬುದ್ಧಿ ಬರುವ ತನಕ ನೀರು ಮಾತ್ರವೆಂದರು. ಆಗ ಪಶ್ಚಿಮ ಬಂಗಾಳಕ್ಕೆ ಗವರ್ನರಾಗಿದ್ದವರು ರಾಜಗೋಪಾಲಾಚಾರ್ಯರು. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಇವರು ನಮ್ಮ ನೆರೆಹೊರೆಯವರೇ. ಪುಂಡರಿಗೆ ವಿರೋಧವಾಗಿ ಉಪವಾಸವುಂಟೇ ಎಂದು ಅವರು ಬಹಳ ಹೊತ್ತು ವಾದಿಸಿದರು. ಕಡೆಗೆ ಗಾಂಧಿಯವರು ಬರೆದಿದ್ದ ಪ್ರಕಟನೆಯನ್ನು ನೋಡಿ, ಎಲ್ಲವನ್ನೂ ದೇವರಿಗೆ ಒಪ್ಪಿಸಿದ ಮೇಲೆ ನೀರಿಗೆ ನಿಂಬೆಯ ಹುಳಿ ಏತಕ್ಕೆಂದು ಕೇಳಿದರು. ಗಾಂಧಿಯವರು ಮಾತಾಡದೆ ಆ ಪದವನ್ನು ಹೊಡೆದುಹಾಕಿದರು. ಸ್ನೇಹಿತನ ಬುದ್ಧಿವಂತಿಕೆಯಿಂದ ಮುದುಕರಿಗೆ ನಿಂಬೆಯ ರಸವೂ ತಪ್ಪಿತು.

ಪುಂಡರ ಮನಸ್ಸನ್ನು ಅಲ್ಲ, ಪುಂಡರನ್ನು ಹಿಂದಿನಿಂದ ಪೋಷಿಸುತ್ತಿದ್ದ ಮರ್ಯಾದಸ್ಥರ ಮನಸ್ಸನ್ನೇ ಅವರು ಮುಟ್ಟಬೇಕೆಂದಿದ್ದದ್ದು. ಅದು ಹಾಗೆಯೇ ಆಯಿತು. ವಿದ್ಯಾರ್ಥಿಗಳೂ ಅಧ್ಯಾಪಕರೂ ವಕೀಲರೂ ಕೇರಿಗಳಿಗೆ ಇಳಿದರು. ಸಮಾಧಾನದ ಕೆಲಸದಲ್ಲಿ ಹೊರಟ ಸಚಿನ್ ಮಿತ್ರರೂ ಸ್ಮೃತೀಶ್ ಬ್ಯಾನರ್ಜಿಯವರೂ ಇರಿಯಲ್ಪಟ್ಟು ಸತ್ತರು. ಉತ್ತರ ಕಲ್ಕತ್ತೆಯ ಪೊಲೀಸರು, ಯೂರೋಪಿಯನ್ ಅಧಿಕಾರಿಗಳೂ ಕೂಡ, ಕೆಲಸದಲ್ಲಿದ್ದುಕೊಂಡೇ ಒಂದು ದಿವಸ ಊಟ ಬಿಟ್ಟರು. 4ನೆಯ ತಾರೀಖಿನಲ್ಲಿ ದೊಂಬಿಯಲ್ಲಿ ಮುಂದಾಗಿದ್ದ ಗುಂಪಿನವರೇ ಬಂದು ಅವರ ಹಾಸಿಗೆಯ ಪಕ್ಕದಲ್ಲಿ ಆಯುಧಗಳನ್ನಿಟ್ಟು, ಯಾವ ಶಿಕ್ಷೆಯನ್ನಾದರೂ ಕೊಡಿರೆಂದರು. ನೀವು ಮುಸಲ್ಮಾನರ ಬಸ್ತಿಗಳಿಗೆ ಹೋಗಿ ಅವರನ್ನು ಕಾಯಬೇಕು, ಅದೇ ಶಿಕ್ಷೆ ಎಂದರು ಗಾಂಧಿಯವರು. ಒಪ್ಪಿಸಿದ ಆಯುಧಗಳಲ್ಲಿ ಸ್ಟೆನ್ ಗನ್ ಎಂಬದೂ ಇತ್ತು. ಅದನ್ನು ತಾವು ಕಣ್ಣಾರೆ ಕಂಡದ್ದು ಅದೇ ಮೊದಲೆಂದು ನಗೆಯಾಡಿದರು.

ಅಂದು ಸಾಯಂಕಾಲ ಹಿಂದೂ ಮಹಾಸಭೆಯವರೂ ಸಿಖ್ಖರೂ ಮುಸ್ಲಿಂ ಲೀಗಿನವರೂ ಕೂಡಿ ಬಂದು ಉಪವಾಸವನ್ನು ಬಿಡಬೇಕೆಂದು ಬೇಡಿಕೊಂಡಾಗ, ಅವರು ಸುಲಭವಾಗಿ ಒಪ್ಪಲಿಲ್ಲ. ಮುಂದೆ ಗಲಭೆಯೆದ್ದರೆ ಅದನ್ನು ನಿಲ್ಲಿಸುವುದರಲ್ಲಿ ನೀವು ಪ್ರಾಣ ಕೊಡುವಿರೋ, ಹಾಗಿದ್ದರೆ ಬರೆದು ಕೊಡಿರಿ ಎಂದರು. ಬಂದವರು ಪಕ್ಕದ ಕೋಣೆಗೆ ಹೋಗಿ ವಿಚಾರ ಮಾಡಿ, ಬರೆದು ರುಜು ಹಾಕಿ ತಂದರು. ರಾತ್ರಿ 9-15ಕ್ಕೆ, 73 ಗಂಟೆಗಳ ಮೇಲೆ, ಸುಹ್ರವರ್ದಿಯವರ ಕೈಯಿಂದ ಹಣ್ಣಿನ ರಸವನ್ನು ತೆಗೆದುಕೊಂಡರು. ಪಂಜಾಬು ಉರಿಯುತ್ತಿದ್ದ ಉಳಿದ ತಿಂಗಳುಗಳಲ್ಲೆಲ್ಲಾ ಕಲ್ಕತ್ತೆ ಮಾತು ತಪ್ಪಲಿಲ್ಲ. 1950ರಲ್ಲಿ ಆ ಪಟ್ಟಣದಲ್ಲಿ ತಿರಿಗಿ ದೊಂಬಿಯಾದದ್ದು ನಿಜ; ರುಜು ಹಾಕಿದ ಕಾಗದವು ಎಲ್ಲಾ ಕಾಲಕ್ಕೂ ಬೀದಿಯನ್ನು ಕಾಯುತ್ತದೆಂದು ಗಾಂಧಿಯವರೂ ನಂಬಿರಲಿಲ್ಲ. ಅದಕ್ಕಾಗಿಯೇ ಅವರು ಕಾಗದಕ್ಕಿಂತ ಹೆಚ್ಚಾಗಿ ಪ್ರಾಣವನ್ನು ಹೊಣೆಯಾಗಿ ಕೇಳಿದ್ದು.

7ನೆಯ ತಾರೀಖಿನಲ್ಲಿ ಅವರು ದೆಹಲಿಗೆ ಹೊರಟರು. ಅದಕ್ಕೆ ಸ್ವಲ್ಪ ಮುಂಚಿನ ಕಾಲದಲ್ಲಿ ದೆಹಲಿಗೆ ಹೋದಾಗ ಜಾಡಮಾಲಿಗಳ ಕೇರಿಯಲ್ಲಿ ಇಳಿದುಕೊಳ್ಳುತ್ತಿದ್ದರು. ಈಗ ಅಲ್ಲಿ ನಿರಾಶ್ರಿತರು ತುಂಬಿದ್ದರಿಂದ ಬಿರ್ಲಾ ಭವನದಲ್ಲಿ ಇರಬೇಕಾಯಿತು. 1948ರ ಜನವರಿ 13ರಿಂದ 18ರ ವರೆಗೆ ದೆಹಲಿಯ ಮುಸಲ್ಮಾನರು ನಿರ್ಭಯವಾಗಿ ಬಾಳಬೇಕೆಂದು ಕಡೆಯ ಉಪವಾಸವನ್ನು ಮಾಡಿದರು. 30ರ ಸಂಜೆ, ಪ್ರಾರ್ಥನೆಗೆ ಹೋಗುವ ದಾರಿಯಲ್ಲಿ, ಒಬ್ಬ ಹಿಂದುವಿನ ಗುಂಡಿಗೆ ಬಲಿಯಾದರು. ಸುಹ್ರವರ್ದಿಯವರು ಮುಂದೆ ಪಾಕಿಸ್ತಾನದಲ್ಲಿ ಪ್ರಧಾನಿಯಾಗಿ, 1963ರಲ್ಲಿ ಬೇರೂತ್ ಪಟ್ಟಣದಲ್ಲಿ ತೀರಿಕೊಂಡರು. ಬೇಲಿಯಾಘಾಟದ ಆ ಮನೆ ಈಗಲೂ ನಿಂತಿದೆ. ಗಾಂಧಿ ಭವನವೆಂದು ಕರೆಯುತ್ತಾರೆ.